ಪೆನ್ನಿನೊಳಗಿನ ಗಾಳಿಯ ಲೆಕ್ಕ

ಇಂಕ್ ಪೆನ್ನು ಮತ್ತೆ ಅಂಗಡಿಗೆ ಬಂದಿದೆ. ಆದರೆ ಬಂದಿರುವುದು ನಾವು ಶಾಲೆಯಲ್ಲಿ ಹಿಡಿದ ಪೆನ್ನಲ್ಲ. ಅದರ ಕತ್ತು ತಿರುಗಿಸಿ ಬಿಚ್ಚಿ, ಫಿಲ್ಲರಿನಿಂದ ಕೊಳವೆಗೇ ಶಾಯಿ ಬಿಟ್ಟು, ಮತ್ತೆ ಬಿಗಿದರೆ ವಾರಗಟ್ಟಲೆ ಚಿಂತೆಯಿರಲಿಲ್ಲ. ಈಗಿನದರ ಒಳಗೆ ಒಂದೂವರೆ ಇಂಚಿನ ಪ್ಲಾಸ್ಟಿಕ್ ಕಾರ್ಟ್ರಿಜ್ ಕೂತಿರುತ್ತದೆ. ಅದರಲ್ಲಿ ಹಿಡಿಯುವುದು ಮುಕ್ಕಾಲು ಮಿಲಿಲೀಟರಿನ ಆಸುಪಾಸು ಶಾಯಿ. ಮುಗಿದ ಮೇಲೆ ಅದನ್ನು ಬಿಸಾಡಿ ಹೊಸದನ್ನು ಚುಚ್ಚಬೇಕು. ದಿನಕ್ಕೆ ನಾಲ್ಕು ಪುಟ ಬರೆಯುವವರಿಗೆ ಇದು ಕೈಗೂ ಕಷ್ಟ, ಜೇಬಿಗೂ ಕಷ್ಟ. ಕಾರ್ಟ್ರಿಜ್ ಸುತ್ತ ಕೊಳವೆಯಲ್ಲಿ ಅಷ್ಟೊಂದು ಜಾಗ ಖಾಲಿ ಬಿದ್ದಿದೆಯಲ್ಲ, ಅಲ್ಲಿಗೇ ಶಾಯಿ ತುಂಬಬಾರದೇ ಎಂದು ಯಾರಿಗಾದರೂ ಅನ್ನಿಸುತ್ತದೆ.

ತುಂಬಬಹುದು. ಅರ್ಧ ಗಂಟೆಯ ಕೆಲಸ, ಹತ್ಯಾರು ಬೇಕಿಲ್ಲ. ಮುಕ್ಕಾಲು ಮಿಲಿಲೀಟರ್ ಹಿಡಿಯುತ್ತಿದ್ದ ಪೆನ್ನು ಆಮೇಲೆ ಮೂರು ಮಿಲಿಲೀಟರಿಗೂ ಮಿಕ್ಕಿ ಹಿಡಿಯುತ್ತದೆ. ಆದರೂ ಹೀಗೆ ಮಾಡಿಕೊಂಡವರಲ್ಲಿ ಹಲವರು ಸ್ವಲ್ಪ ದಿನಕ್ಕೇ ಬೇಸತ್ತು ಕಾರ್ಟ್ರಿಜ್‌ಗೆ ಮರಳುತ್ತಾರೆ. ಅವರ ಗಮನವೆಲ್ಲ ತಿರುಪಿನ ಸುತ್ತಿನಲ್ಲಿ ಶಾಯಿ ಜಿನುಗದಂತೆ ಮಾಡುವುದರ ಮೇಲಿರುತ್ತದೆ. ಅದು ಸುಲಭದ ಅರ್ಧ. ಅಂಗಿಯ ಜೇಬು ನೀಲಿಯಾಗುವುದು ಹೆಚ್ಚಾಗಿ ಇನ್ನೊಂದು ಕಾರಣಕ್ಕೆ, ಕೊಳವೆಯಲ್ಲಿ ಶಾಯಿ ಖಾಲಿಯಾದ ಜಾಗದಲ್ಲಿ ಸೇರಿಕೊಂಡ ಗಾಳಿಯಿಂದ. ಆ ಗಾಳಿಯ ಲೆಕ್ಕ ತಿಳಿದವರಿಗೆ ಇಂಥ ಪೆನ್ನು ವರ್ಷಗಟ್ಟಲೆ ತೊಂದರೆ ಕೊಡದೆ ಬರೆಯುತ್ತದೆ.

ಇದು ಹೊಸ ಉಪಾಯವೇನೂ ಅಲ್ಲ. ಫೌಂಟನ್ ಪೆನ್ನು ಹುಟ್ಟಿದ್ದೇ ಹೀಗೆ. 1884ರಲ್ಲಿ ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದ ಪೆನ್ನಿಗೂ ಕೊಳವೆಗೆ ನೇರವಾಗಿ ಶಾಯಿ ಹನಿಸಬೇಕಿತ್ತು. ಆತನ ಸಾಧನೆ ಇದ್ದದ್ದು ನಿಬ್ಬಿನ ಅಡಿಗೆ ಅಂಟಿಕೊಂಡಿರುವ ಕಪ್ಪು ನಾಲಗೆಯಲ್ಲಿ, ಅಂದರೆ ಫೀಡಿನಲ್ಲಿ. ಅದರಲ್ಲಿ ಕೊರೆದ ಸಣ್ಣ ಸೀಳುಗಳ ಮೂಲಕ ಶಾಯಿ ಕೆಳಗಿಳಿಯುತ್ತದೆ, ಅಷ್ಟೇ ಗಾಳಿ ಮೇಲೇರುತ್ತದೆ. ರಬ್ಬರ್ ಚೀಲ, ಅದನ್ನು ಅದುಮುವ ಸನ್ನೆ, ಪಿಸ್ಟನ್ ಇವೆಲ್ಲ ಮುಂದಿನ ದಶಕಗಳಲ್ಲಿ ಬಂದವು. ವಾಟರ್‌ಮನ್ನಿನ ಫ್ರಾನ್ಸ್ ಶಾಖೆ 1930ರ ದಶಕದಲ್ಲಿ ಗಾಜಿನ ಕಾರ್ಟ್ರಿಜ್ ತಂದಿತು. ಪ್ಲಾಸ್ಟಿಕ್ ಕಾರ್ಟ್ರಿಜ್ ಹರಡಿದ್ದು 1950ರ ದಶಕದಲ್ಲಿ.

ಅಮೆರಿಕ, ಯುರೋಪು ಹೀಗೆ ಮುಂದೆ ಹೋದರೂ ನಮ್ಮಲ್ಲಿ ಹನಿಸಿ ತುಂಬುವ ಪೆನ್ನೇ ಉಳಿಯಿತು. ಗೋದಾವರಿ ದಂಡೆಯ ರಾಜಮಂಡ್ರಿಯಲ್ಲಿ ಕೆ.ವಿ. ರತ್ನಂ 1930ರ ದಶಕದ ಮೊದಲ ವರ್ಷಗಳಲ್ಲಿ ಎಬೊನೈಟ್ ಸರಳನ್ನು ಕಡೆದು ಮಾಡಲು ತೊಡಗಿದ ಪೆನ್ನು ಈ ಬಗೆಯದು. ಆ ಸ್ವದೇಶಿ ಪೆನ್ನನ್ನು ಮೆಚ್ಚಿ ಗಾಂಧೀಜಿ 1935ರಲ್ಲಿ ಅವರಿಗೆ ಪತ್ರ ಬರೆದರು. ನಮ್ಮಲ್ಲಿ ಇದು ಉಳಿದದ್ದಕ್ಕೆ ಕಾರಣ ಬಡತನವೊಂದೇ ಎಂದು ನಾನು ಒಪ್ಪುವುದಿಲ್ಲ. ರಬ್ಬರ್ ಚೀಲ ನಮ್ಮ ಸೆಕೆಗೆ ಬೇಗ ಅಂಟಂಟಾಗುತ್ತದೆ ಇಲ್ಲವೇ ಗಟ್ಟಿಯಾಗಿ ಬಿರಿಯುತ್ತದೆ. ಬರಿ ಕೊಳವೆಯ ಪೆನ್ನಿನಲ್ಲಿ ಕೆಡುವುದಕ್ಕೆ ಏನೂ ಇಲ್ಲ. ನಿಬ್ಬು ಸವೆದರೆ ನಿಬ್ಬು, ನಾಲಗೆ ಮುರಿದರೆ ನಾಲಗೆ, ಯಾವುದನ್ನು ಬೇಕಾದರೂ ಪೇಟೆಯ ಪೆನ್ ರಿಪೇರಿಯವನು ಕೂತಲ್ಲೇ ಬದಲಿಸಿ ಕೊಡುತ್ತಿದ್ದ. ಸುತ್ತಿನಲ್ಲಿ ಜಿನುಗಿದರೆ ಹುಡುಗರು ಹೊಲಿಗೆ ದಾರ ಸುತ್ತಿ ಬಿಗಿಯುತ್ತಿದ್ದರು, ಚೆಲ್ಲಿದ ಶಾಯಿಗೆ ಸೀಮೆಸುಣ್ಣ ಹಿಡಿಯುತ್ತಿದ್ದರು, ನಿಬ್ಬನ್ನು ತಲೆಗೂದಲಿಗೆ ಒರೆಸುತ್ತಿದ್ದರು.

ಈಗ ನಿಮ್ಮ ಕೈಯಲ್ಲಿರುವ ಕಾರ್ಟ್ರಿಜ್ ಪೆನ್ನಿಗೆ ಬರೋಣ. ಎಲ್ಲ ಪೆನ್ನೂ ಇದಕ್ಕೆ ಒಗ್ಗುವುದಿಲ್ಲ. ಕೊಳವೆ ಪೂರ್ತಿ ಪ್ಲಾಸ್ಟಿಕ್ಕಿನದಾಗಿರಬೇಕು. ಒಳಗೆ ಲೋಹದ ಬಳೆಯಾಗಲಿ ಲೋಹದ ತಿರುಪಾಗಲಿ ಇದ್ದರೆ ಶಾಯಿ ಅದನ್ನು ನಿಧಾನವಾಗಿ ತಿನ್ನುತ್ತದೆ, ಶಾಯಿಯೂ ಕೆಡುತ್ತದೆ. ಕತ್ತು ಕೊಳವೆಗೆ ತಿರುಪಿನಿಂದ ಕೂರಬೇಕು. ಬರಿದೆ ಒತ್ತಿ ಸಿಕ್ಕಿಸುವ ಪೆನ್ನು ಬೇಡ. ಕೊಳವೆಯಲ್ಲಿ ಎಲ್ಲಿಯೂ ತೂತಿರಬಾರದು. ಲ್ಯಾಮಿ ಸಫಾರಿ ಎಷ್ಟೇ ಒಳ್ಳೆಯ ಪೆನ್ನಾದರೂ ಇಲ್ಲಿ ನಿಲ್ಲುವುದಿಲ್ಲ. ಶಾಯಿ ಎಷ್ಟಿದೆಯೆಂದು ನೋಡಲು ಅದರ ಕೊಳವೆಯಲ್ಲೇ ಎರಡು ಕಿಂಡಿ ಕೊರೆದಿದ್ದಾರೆ. ಕ್ಯಾಪಿನ ತುದಿಯ ತೂತಿಗೆ ಮಾತ್ರ ಹೆದರಬೇಕಿಲ್ಲ. ಮಕ್ಕಳು ಕ್ಯಾಪ್ ನುಂಗಿದರೂ ಉಸಿರು ಕಟ್ಟದಿರಲಿ ಎಂದು ಅದನ್ನು ಬಿಡುತ್ತಾರೆ.

ತೂತಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಖಾಲಿ ಕೊಳವೆಯ ಬಾಯಿಯನ್ನು ತುಟಿಗೊತ್ತಿ ಉಸಿರೆಳೆದು ನೋಡಿ. ಕೊಳವೆ ತುಟಿಗೆ ಕಚ್ಚಿಕೊಂಡು ನಿಂತರೆ ಗಾಳಿ ಆಡುವ ದಾರಿಯಿಲ್ಲ ಎಂದರ್ಥ. ಮೊದಲ ಸಲಕ್ಕೆ ಹೆಚ್ಚಿನವರು ಆರಿಸುವುದು ಜಪಾನಿನ ಪ್ಲಾಟಿನಂ ಪ್ರೆಪ್ಪಿಯನ್ನು. ಬೆಲೆ ಕಡಿಮೆ, ಮೈ ಪಾರದರ್ಶಕ, ಒಳಗೇನಾಗುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಕಲಿಯುವುದಕ್ಕೆ ಅದು ಬಹಳ ಮುಖ್ಯ. ಪ್ಲಾಸ್ಟಿಕ್ ಮೈಯ ಕಾವೆಕೊ ಸ್ಪೋರ್ಟ್ ಕೂಡ ಆದೀತು. ಆ ಗಿಡ್ಡ ಪೆನ್ನಿನಲ್ಲಿ ಚಿಕ್ಕ ಕಾರ್ಟ್ರಿಜ್ ಬಿಟ್ಟರೆ ಹೆಚ್ಚೇನೂ ಹಿಡಿಯದ ಕಾರಣ ಈ ಬದಲಾವಣೆಯ ಲಾಭ ಅದಕ್ಕೇ ಹೆಚ್ಚು.

ಬೇಕಾಗುವ ಸಾಮಾನು ಎರಡೇ: ಕತ್ತಿನ ತಿರುಪಿನ ಬುಡಕ್ಕೆ ಸರಿಹೊಂದುವ ರಬ್ಬರ್ ಓ-ರಿಂಗ್, ಮತ್ತು ಸಿಲಿಕೋನ್ ಗ್ರೀಸ್. ಓ-ರಿಂಗ್‌ನ ಅಳತೆ ಕಾಗದದ ಮೇಲೆ ಬರೆದುಕೊಂಡು ಹೋಗುವುದಕ್ಕಿಂತ ಪೆನ್ನಿನ ಕತ್ತನ್ನೇ ಅಂಗಡಿಗೆ ಒಯ್ದು ಹಾಕಿ ನೋಡುವುದು ಮೇಲು. ಗ್ರೀಸ್ ವಿಷಯದಲ್ಲಿ ಎಚ್ಚರ ಬೇಕು. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸಿಲಿಕೋನ್ ಗ್ರೀಸ್ ಕೇಳಿದರೆ ಕಂಪ್ಯೂಟರ್ ಪ್ರೊಸೆಸರಿಗೆ ಹಚ್ಚುವ ಬಿಳಿ ಪೇಸ್ಟ್ ಕೈಗೆ ಬರುವ ಸಾಧ್ಯತೆ ಇದೆ. ಅದರಲ್ಲಿ ಸತುವಿನ ಆಕ್ಸೈಡ್ ಪುಡಿ ಬೆರೆತಿರುತ್ತದೆ, ಅದು ಬೇಡ. ನೀರಿನ ಫಿಲ್ಟರಿನ ವಾಷರ್‌ಗೆ ಹಚ್ಚುವ, ಬಣ್ಣವಿಲ್ಲದ, ಶುದ್ಧ ಸಿಲಿಕೋನ್ ಗ್ರೀಸ್ ಎಂದು ಬಿಡಿಸಿ ಕೇಳಿ. ಮನೆಯಲ್ಲೇ ಇದೆಯೆಂದು ವ್ಯಾಸಲೀನ್ ಹಚ್ಚುವುದೂ ಸರಿಯಲ್ಲ. ಅದು ಪೆಟ್ರೋಲಿಯಂನದು, ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಸಿಲಿಕೋನ್ ನೀರಿನಲ್ಲಿ ಕರಗುವುದಿಲ್ಲ, ಶಾಯಿಯ ಜೊತೆಗೂ ಪ್ಲಾಸ್ಟಿಕ್ಕಿನ ಜೊತೆಗೂ ತಂಟೆಗೆ ಹೋಗುವುದಿಲ್ಲ.

ಪೆನ್ನನ್ನು ಬಿಚ್ಚಿ, ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿದ ತಣ್ಣೀರಿನಲ್ಲಿ ಕತ್ತು, ಕೊಳವೆ ಎರಡನ್ನೂ ತೊಳೆಯಿರಿ. ಬಿಸಿನೀರು ಬೇಡ. ಚೆನ್ನಾಗಿ ಒಣಗಲಿ. ಓ-ರಿಂಗನ್ನು ತಿರುಪಿನ ಮೇಲಿಂದ ಜಾರಿಸಿ ಬುಡದ ಅಂಚಿಗೆ ಕೂರಿಸಿ. ಹಲ್ಲುಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗ್ರೀಸ್ ತೆಗೆದುಕೊಂಡು ತಿರುಪಿನ ಸುತ್ತುಗಳಿಗೆ ಸವರಿ. ಹಚ್ಚಿದ್ದು ಸಾಲದೆ ಬರುವ ತೊಂದರೆಗಿಂತ ಹೆಚ್ಚಾಗಿ ಬರುವ ತೊಂದರೆಯೇ ದೊಡ್ಡದು. ಒಳಗೆ ಸರಿದ ಗ್ರೀಸ್ ಶಾಯಿಯ ದಾರಿಗೆ ಸಿಕ್ಕಿದರೆ ಪೆನ್ನು ಬರೆಯುವುದೇ ಇಲ್ಲ. ಕತ್ತನ್ನು ಕೊಳವೆಗೆ ತಿರುಗಿಸುತ್ತಾ ಹೋದಾಗ ಓ-ರಿಂಗ್ ತುಸುವೇ ಚಪ್ಪಟೆಯಾಗುವುದು ಪಾರದರ್ಶಕ ಪೆನ್ನಿನಲ್ಲಿ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿ. ಇನ್ನೂ ಬಲ ಹಾಕಿದರೆ ತೆಳು ಪ್ಲಾಸ್ಟಿಕ್ಕಿನ ಕೊಳವೆ ಬಾಯಿಯ ಹತ್ತಿರ ಕೂದಲೆಳೆಯಷ್ಟು ಸೀಳುತ್ತದೆ, ಆ ಸೀಳನ್ನು ಮುಚ್ಚುವ ಗ್ರೀಸ್ ಯಾವುದೂ ಇಲ್ಲ.

ಮೊದಲು ತುಂಬಬೇಕಾದ್ದು ಶಾಯಿಯಲ್ಲ, ನೀರು. ನೀರು ತುಂಬಿದ ಪೆನ್ನನ್ನು ಬಿಳಿ ಟಿಶ್ಯೂ ಕಾಗದದಲ್ಲಿ ಸುತ್ತಿ ರಾತ್ರಿಯಿಡೀ ಅಡ್ಡ ಮಲಗಿಸಿ. ಬೆಳಿಗ್ಗೆ ಕತ್ತಿನ ಸುತ್ತ ಕಾಗದ ಒಣಗಿದ್ದರೆ ಮುಂದುವರಿಯಬಹುದು. ಸೂಜಿ ಮೊನಚಿಲ್ಲದ ಸಿರಿಂಜ್ ಆದರೂ ಸರಿ, ಹಳೆಯ ಫಿಲ್ಲರ್ ಆದರೂ ಸರಿ, ಕೊಳವೆಯ ಬಾಯಿಗಿಂತ ತಿರುಪಿನಷ್ಟು ಕೆಳಗಿನವರೆಗೆ ಶಾಯಿ ಬಿಡಿ. ಕಾರ್ಟ್ರಿಜ್ ಚುಚ್ಚಿಕೊಳ್ಳುತ್ತಿದ್ದ ಸಣ್ಣ ಕೊಳವೆಯೊಂದು ಕತ್ತಿನ ಹಿಂದೆ ಚಾಚಿಕೊಂಡಿರುತ್ತದೆ, ಅದು ಒಳಗಿಳಿದಾಗ ಅದಕ್ಕೂ ಜಾಗ ಬೇಕು. ಬಿಗಿದಾದ ಮೇಲೆ ನಿಬ್ಬು ಕೆಳಗೆ ಮಾಡಿ ಕಾಯಿರಿ. ನಾಲಗೆ ಪೂರ್ತಿ ನೆನೆಯಲು ಸ್ವಲ್ಪ ಹೊತ್ತು ಬೇಕು, ಕೊಡವಬೇಡಿ. ಆ ಸಣ್ಣ ಕೊಳವೆಯ ಬಾಯಿಗೆ ಗಾಳಿಗುಳ್ಳೆ ಕಚ್ಚಿಕೊಂಡಿದ್ದರೆ ಪೆನ್ನನ್ನು ಒಮ್ಮೆ ತಲೆಕೆಳಗು ಮಾಡಿ ತಿರುಗಿಸಿದರೆ ಬಿಡುತ್ತದೆ.

ಸೋರಿಕೆಯ ಮಾತು ಇಲ್ಲಿಗೆ ಮುಗಿಯಿತು. ಇನ್ನು ಗಾಳಿ.

ನಿಬ್ಬು ಕೆಳಗಿದ್ದರೂ ಶಾಯಿ ಸುರಿದು ಹೋಗದಿರುವುದೇಕೆ? ಕಿರಿದಾದ ಬಾಯಿಯ ಬಾಟಲಿಯನ್ನು ಬಗ್ಗಿಸಿದಾಗ ನೀರು ಗುಳುಗುಳು ಎಂದು ತಡೆತಡೆದು ಬೀಳುತ್ತದಲ್ಲ, ಅದೇ ಕಾರಣಕ್ಕೆ. ಒಳಕ್ಕೆ ಗಾಳಿ ಹೋಗದೆ ಹೊರಕ್ಕೆ ನೀರು ಬರದು. ಪೆನ್ನಿನ ದಾರಿ ಕೂದಲಿನಷ್ಟು ಸಣ್ಣದು. ಅಲ್ಲಿ ಶಾಯಿಯೇ ಅಂಟಿಕೊಂಡು ಗಾಳಿಗೆ ಬಾಗಿಲಾಗುತ್ತದೆ. ನೀವು ಬರೆದಾಗ ಕಾಗದ ಶಾಯಿಯನ್ನು ಎಳೆದುಕೊಳ್ಳುತ್ತದೆ, ಒಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಇಳಿಯುತ್ತದೆ, ನಾಲಗೆಯ ಸೀಳಿನಿಂದ ಒಂದು ಗುಳ್ಳೆ ಒಳಸೇರಿ ಸರಿದೂಗಿಸುತ್ತದೆ. ಹೊರಗಿನ ಒತ್ತಡ ಒಳಗಿನದಕ್ಕಿಂತ ಆ ಕೂದಲೆಳೆಯಷ್ಟು ಹೆಚ್ಚಿರುವ ತನಕ ಶಾಯಿ ಒಳಗೇ ನಿಲ್ಲುತ್ತದೆ.

ಒಳಗಿನ ಗಾಳಿ ಬಿಸಿಯಾದರೆ ಈ ಏರ್ಪಾಡು ಕೆಡುತ್ತದೆ. ಡಿಸೆಂಬರಿನ ಬೆಳಿಗ್ಗೆ ಮೇಜಿನ ಮೇಲಿದ್ದ ಪೆನ್ನು 20 ಡಿಗ್ರಿಯಲ್ಲಿರುತ್ತದೆ ಎನ್ನಿ. ಅಂಗೈಯ ಬಿಸಿಗೆ ಕೊಳವೆಯೊಳಗಿನ ಗಾಳಿ 30 ಡಿಗ್ರಿಗೆ ಏರಿದರೆ ಅದು ಶೇಕಡಾ 3.4ರಷ್ಟು ಹಿಗ್ಗುತ್ತದೆ. ಅದರ ಜೊತೆಗೆ ಶಾಯಿಯಿಂದ ಏಳುವ ನೀರಾವಿಯೂ ಹೆಚ್ಚುತ್ತದೆ. ಎರಡೂ ಸೇರಿ ಶೇಕಡಾ 5ರ ಮೇಲಾಗುತ್ತದೆ. ಮೂರು ಮಿಲಿಲೀಟರ್ ಹಿಡಿಯುವ ಕೊಳವೆ ಬಹುಪಾಲು ಖಾಲಿಯಾಗಿ ಅದರ ತುಂಬ ಗಾಳಿಯೇ ಇದ್ದರೆ, ಹೀಗೆ ಹಿಗ್ಗಿದ ಗಾಳಿ 0.16 ಮಿಲಿಲೀಟರ್ ಶಾಯಿಯನ್ನು ಹೊರದಬ್ಬುತ್ತದೆ. ಮಿಲಿಲೀಟರಿಗೆ ಇಪ್ಪತ್ತು ಹನಿ ಲೆಕ್ಕದಲ್ಲಿ ಅದು ಮೂರು ಹನಿ. ಬರೆಯುತ್ತಿದ್ದ ಪುಟದ ಮೇಲೆ ಪೆನ್ನು ದಿಢೀರನೆ ಶಾಯಿ ಕಕ್ಕುವುದು ಈ ಮೂರು ಹನಿಯಿಂದ.

ಕಾರ್ಟ್ರಿಜ್‌ನಲ್ಲಿ ಇದೇ ಯಾಕೆ ಆಗುವುದಿಲ್ಲ? ಆಗುತ್ತದೆ, ಆದರೆ ಅಲ್ಲಿನ ಗಾಳಿ ಅರ್ಧ ಮಿಲಿಲೀಟರ್ ಮಾತ್ರ. ಹೊರಬರುವುದು ಅರ್ಧ ಹನಿ. ನಾಲಗೆಯ ಅಡಿಯಲ್ಲಿ ಬಾಚಣಿಗೆಯ ಹಲ್ಲಿನಂಥ ಸಾಲು ಇರುವುದನ್ನು ನೀವು ನೋಡಿರುತ್ತೀರಿ. ಆ ಸಂದುಗಳಿರುವುದೇ ಹೆಚ್ಚಾಗಿ ಬಂದ ಶಾಯಿಯನ್ನು ಹಿಡಿದಿಟ್ಟುಕೊಳ್ಳಲು. ಅರ್ಧ ಹನಿಯನ್ನು ಅವು ಹಿಡಿಯುತ್ತವೆ, ಮೂರು ಹನಿಯನ್ನು ಹಿಡಿಯಲಾರವು. ಪೆನ್ನು ಮಾಡಿದವರು ಆ ನಾಲಗೆಯನ್ನು ಅಳೆದು ಮಾಡಿದ್ದು ಕಾರ್ಟ್ರಿಜ್‌ಗೆ, ನಮ್ಮ ಮೂರು ಮಿಲಿಲೀಟರಿಗೆ ಅಲ್ಲ.

ಹಾಗಾದರೆ ದಾರಿ ಸರಳ: ಒಳಗೆ ಗಾಳಿ ಹೆಚ್ಚಾಗಲು ಬಿಡಬೇಡಿ. ತುಂಬಿದ ಪೆನ್ನು ಕಕ್ಕುವುದಿಲ್ಲ, ಅರ್ಧ ತುಂಬಿದ್ದು ಅಪರೂಪಕ್ಕೆ ಕಕ್ಕುತ್ತದೆ, ಮೂರನೇ ಒಂದು ಪಾಲಿಗಿಂತ ಕೆಳಗಿಳಿದದ್ದು ಕಕ್ಕಿಯೇ ತೀರುತ್ತದೆ. ಆದ್ದರಿಂದ ಮೂರನೇ ಒಂದು ಪಾಲು ಉಳಿದಾಗಲೇ ಮತ್ತೆ ತುಂಬಿಬಿಡಿ. ಇದೊಂದು ಅಭ್ಯಾಸ ಬೆಳೆಸಿಕೊಂಡರೆ ತೊಂದರೆಯ ಮುಕ್ಕಾಲು ಪಾಲು ಕಳೆಯಿತು. ರಾಜಮಂಡ್ರಿಯ ಪೆನ್ನುಗಳ ಕೊಳವೆಯನ್ನು ದಪ್ಪನೆಯ ಎಬೊನೈಟ್‌ನಲ್ಲಿ ಕಡೆಯುವುದೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೈಯ ಬಿಸಿ ಆ ದಪ್ಪ ಗೋಡೆ ದಾಟುವುದು ನಿಧಾನ. ತೆಳು ಪ್ಲಾಸ್ಟಿಕ್ಕಿಗೆ ಆ ರಕ್ಷಣೆಯಿಲ್ಲ. ಜಪಾನಿನವರು ಬೇರೆ ದಾರಿ ಹಿಡಿದರು. ಅವರ ಹಳೆಯ ಮಾದರಿಯ ಪೆನ್ನುಗಳ ಹಿಂಬದಿಯಲ್ಲಿ ತಿರುಗಿಸುವ ಗುಂಡಿಯಿರುತ್ತದೆ. ಬಿಗಿದರೆ ಕೊಳವೆಗೂ ನಾಲಗೆಗೂ ಸಂಪರ್ಕ ಕಡಿಯುತ್ತದೆ, ಬರೆಯುವಾಗ ತುಸು ಸಡಿಲಿಸಬೇಕು. ತೈವಾನಿನ ಒಪಸ್ 88 ಪೆನ್ನುಗಳು ಇಂದಿಗೂ ಇದೇ ಏರ್ಪಾಡಿನವು. ನನ್ನ ಮಟ್ಟಿಗೆ ಇದು ಈ ಸಮಸ್ಯೆಗೆ ಸಿಕ್ಕ ಅತ್ಯುತ್ತಮ ಪರಿಹಾರ, ಆದರೆ ಅದನ್ನು ಮನೆಯಲ್ಲಿ ಕೂತು ಕಾರ್ಟ್ರಿಜ್ ಪೆನ್ನಿಗೆ ಜೋಡಿಸಲಾಗದು.

ಬಿಸಿಯ ಮಾತು ಬಲ್ಲವರೂ ಎತ್ತರದ ಮಾತು ಮರೆಯುತ್ತಾರೆ. ಮಂಗಳೂರಿನಲ್ಲಿ ಅರ್ಧಕ್ಕೂ ಹೆಚ್ಚು ಖಾಲಿಯಾದ ಪೆನ್ನನ್ನು ಬ್ಯಾಗಿಗೆ ಹಾಕಿ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಬಂದರೆ ಸುಮಾರು 900 ಮೀಟರ್ ಮೇಲೇರಿದಂತಾಯಿತು. ಅಷ್ಟು ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಕಡಲತೀರಕ್ಕಿಂತ ಶೇಕಡಾ 10ರಷ್ಟು ಕಡಿಮೆ. ಕೊಳವೆಯೊಳಗಿನ ಎರಡು ಮಿಲಿಲೀಟರ್ ಗಾಳಿ ಅದಕ್ಕೆ ತಕ್ಕಂತೆ ಹಿಗ್ಗಿದರೆ ನಾಲ್ಕು ಹನಿ ಶಾಯಿ ಕ್ಯಾಪಿನೊಳಗೆ ಸುರಿಯುತ್ತದೆ. ಕೈಬಿಸಿಗಿಂತ ಘಾಟಿಯೇ ದೊಡ್ಡ ಶತ್ರು. ಬೆಂಗಳೂರಿನಿಂದ ಮಂಗಳೂರಿಗೆ ಇಳಿಯುವಾಗ ಮಾತ್ರ ಏನೂ ಆಗುವುದಿಲ್ಲ, ಹೊರಗಿನ ಗಾಳಿಯೇ ಒಳಕ್ಕೆ ನುಗ್ಗುತ್ತದೆ. ವಿಮಾನದ ಒಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯುವುದುಂಟು. ಅಂದರೆ ಕಡಲಮಟ್ಟದ ಊರಿನಿಂದ ಹಾರಿದರೆ ಕೊಳವೆಯ ಗಾಳಿ ಮೂರನೇ ಒಂದು ಪಾಲು ಹಿಗ್ಗುತ್ತದೆ.

ಪ್ರಯಾಣಕ್ಕೆ ಹೊರಡುವಾಗ ಪೆನ್ನು ಪೂರ್ತಿ ತುಂಬಿರಲಿ, ಇಲ್ಲವೇ ಪೂರ್ತಿ ಖಾಲಿಯಿರಲಿ. ನಿಬ್ಬು ಮೇಲೆ ಮಾಡಿ ಅಂಗಿಯ ಜೇಬಿಗೆ ಸಿಕ್ಕಿಸಿ. ಹಾಗಿದ್ದರೆ ಶಾಯಿ ತಳದಲ್ಲಿರುತ್ತದೆ, ಹಿಗ್ಗಿದ ಗಾಳಿ ಮೇಲಿನ ನಾಲಗೆಯಿಂದ ಸುಮ್ಮನೆ ಹೊರಹೋಗುತ್ತದೆ. ಬ್ಯಾಗಿನಲ್ಲಿ ಅಡ್ಡ ಮಲಗಿದ ಪೆನ್ನಿಗೆ ಆ ಅನುಕೂಲವಿಲ್ಲ.

ಶಾಯಿಯ ಆಯ್ಕೆಯಲ್ಲಿ ಹೆಚ್ಚು ಹೇಳುವುದಿಲ್ಲ. ನೀರಿನಲ್ಲಿ ಕರಗುವ ಬಣ್ಣದ ಸಾದಾ ಫೌಂಟನ್ ಪೆನ್ ಶಾಯಿ ಸಾಕು. ನೀಲಿ, ಕಪ್ಪು ಇನ್ನೂ ಒಳ್ಳೆಯದು. ಕೆಂಪು, ನೇರಳೆ ಬಣ್ಣಗಳು ಪಾರದರ್ಶಕ ಕೊಳವೆಗೆ ಕಲೆ ಹಿಡಿಸುತ್ತವೆ. ಚಿತ್ರಕಾರರ ಇಂಡಿಯನ್ ಇಂಕಿನಲ್ಲಿ ಅರಗು ಸೇರಿರುತ್ತದೆ, ಒಣಗಿದರೆ ನಾಲಗೆ ಶಾಶ್ವತವಾಗಿ ಕಟ್ಟಿಕೊಳ್ಳುತ್ತದೆ. ಮಾಚಿಕಾಯಿ ಮತ್ತು ಕಬ್ಬಿಣದ ಹಳೆಯ ಬಗೆಯ ಶಾಯಿ ಆಮ್ಲೀಯ. ಮೂರು ಮಿಲಿಲೀಟರ್ ತುಂಬಿ ತಿಂಗಳುಗಟ್ಟಲೆ ಬಿಡುವ ಪೆನ್ನಿಗೆ ಅದು ತಕ್ಕದ್ದಲ್ಲ. ಕೊಳವೆಯಲ್ಲಿ ಉಳಿದದ್ದನ್ನು ಬಾಟಲಿಗೆ ಮರಳಿ ಸುರಿಯಬೇಡಿ, ಒಂದು ಪೆನ್ನಿನ ಬೂಷ್ಟು ಇಡೀ ಬಾಟಲಿಯನ್ನು ಕೆಡಿಸುತ್ತದೆ.

ಲಾಭ ಎಷ್ಟು? 60 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಸುಮಾರು 80 ಚಿಕ್ಕ ಕಾರ್ಟ್ರಿಜ್‌ಗಳ ಶಾಯಿ ಇರುತ್ತದೆ. ಅಷ್ಟು ಪ್ಲಾಸ್ಟಿಕ್ ತೊಟ್ಟಿಗೆ ಬೀಳುವುದು ತಪ್ಪಿತು. ದುಡ್ಡಿನ ಉಳಿತಾಯ ಅಂಗಡಿಯವನ ಬಿಲ್ ನೋಡಿದರೆ ತಿಳಿಯುತ್ತದೆ. ಆದರೆ ಉಳಿತಾಯವೊಂದೇ ಗುರಿಯಾಗಿದ್ದರೆ ಇಷ್ಟೆಲ್ಲ ಬೇಕಿಲ್ಲ ಎಂಬುದನ್ನೂ ಹೇಳಬೇಕು. ಖಾಲಿಯಾದ ಕಾರ್ಟ್ರಿಜ್‌ಗೇ ಸಿರಿಂಜ್‌ನಿಂದ ಶಾಯಿ ತುಂಬಿ ಹಲವು ಸಲ ಬಳಸಬಹುದು. ಅದರ ಬಾಯಿ ಸಡಿಲವಾದಾಗ ಬದಲಿಸಿದರಾಯಿತು. ಗಾಳಿಯ ಕಾಟವೂ ಇಲ್ಲ. ವಾರಕ್ಕೆರಡು ಸಲ ಘಾಟಿ ಹತ್ತಿ ಇಳಿಯುವವರಿಗೆ, ವಿಮಾನದಲ್ಲೇ ಓಡಾಡುವವರಿಗೆ, ಪೆನ್ನನ್ನು ಬ್ಯಾಗಿಗೆ ಎಸೆದು ಮರೆಯುವವರಿಗೆ ನಾನು ಸೂಚಿಸುವುದು ಇದನ್ನೇ. ಮೇಜಿನ ಮುಂದೆ ಕೂತು ಗಂಟೆಗಟ್ಟಲೆ ಬರೆಯುವವರಿಗೆ, ಪರೀಕ್ಷೆಗೆ ಓದುತ್ತಾ ಟಿಪ್ಪಣಿ ಮಾಡುವ ಮಕ್ಕಳಿಗೆ, ತಿದ್ದುವ ಮೇಷ್ಟರಿಗೆ ಕೊಳವೆ ತುಂಬಿದ ಪೆನ್ನಿನ ಸುಖ ಬೇರೆ. ಅಗಲವಾದ ಕೊಳವೆಯಲ್ಲಿ ಶಾಯಿ ಗೋಡೆಗೆ ಕಚ್ಚಿ ನಿಲ್ಲದೆ ಸಲೀಸಾಗಿ ಆಡುವುದರಿಂದ ಬರಹ ನಡುವೆ ತಡೆಯುವುದಿಲ್ಲ.

ಪ್ರಯೋಗ ಮಾಡುವುದಾದರೆ ಅಂಗಡಿಯಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ಪೆನ್ನಿನಿಂದಲೇ ಶುರು ಮಾಡಿ. ಮೊದಲ ವಾರ ಅದು ಮನೆ ಬಿಟ್ಟು ಹೊರಡದಿರಲಿ. ನಿಬ್ಬಿನ ಕೆಳಗೆ ಟಿಶ್ಯೂ ಇಟ್ಟು, ಎಷ್ಟು ಖಾಲಿಯಾದಾಗ ಕಕ್ಕುತ್ತದೆ ಎಂದು ಕಣ್ಣಾರೆ ನೋಡಿ. ಪ್ರತಿ ಪೆನ್ನಿನ ನಾಲಗೆಯ ತಾಕತ್ತು ಬೇರೆ ಬೇರೆ. ಅಪ್ಪನೋ ಮಾವನೋ ಕೊಟ್ಟ ಬೆಲೆಬಾಳುವ ಪೆನ್ನಿಗೆ, ಚಿನ್ನದ ನಿಬ್ಬಿನದಕ್ಕೆ, ಲೋಹದ ಮೈಯದಕ್ಕೆ ದಯವಿಟ್ಟು ಈ ಕೆಲಸ ಮಾಡಬೇಡಿ. ಹನಿಸಿ ತುಂಬುವ ಪೆನ್ನೇ ಬೇಕೆಂದು ಮನಸ್ಸಾದರೆ, ಅದಕ್ಕೆಂದೇ ಎಬೊನೈಟ್‌ನಲ್ಲಿ ಕಡೆದು ಕೊಡುವ ಕುಶಲಕರ್ಮಿಗಳು ರಾಜಮಂಡ್ರಿಯಲ್ಲಿ ಇನ್ನೂ ಇದ್ದಾರೆ, ಅವರಿಂದ ಒಂದು ಕೊಳ್ಳಿ.